ಎಸ್.ಪಿ. ರೋಡನ್ನು ನಂಬಿ ಹೈ-ಫೈ ಸ್ಪೀಕರ್ ಕಟ್ಟಬಹುದೇ?

ಪುಸ್ತಕದ ಕಪಾಟಿನಲ್ಲಿ ಕೂರುವಷ್ಟು ಪುಟ್ಟದಾಗಿರಬೇಕು, ಆದರೂ ತಂಬೂರಿಯ ಶ್ರುತಿ ಮತ್ತು ಮೃದಂಗದ ತೊಪ್ಪಿ ಎರಡೂ ಬೇರೆಬೇರೆಯಾಗಿ ಕೇಳಬೇಕು. ಇಂಥ ಒಂದು ಜೋಡಿ ಟೂ-ವೇ (ಕೆಳಸ್ಥಾಯಿಗೊಂದು, ಮೇಲ್ಸ್ಥಾಯಿಗೊಂದು ಘಟಕವಿರುವ) ಸ್ಪೀಕರನ್ನು ಮನೆಯಲ್ಲೇ ಕಟ್ಟಲು ಹೊರಟ ಬೆಂಗಳೂರಿನವರು ಮೊದಲು ಹೋಗುವುದು ಎಲೆಕ್ಟ್ರಾನಿಕ್ಸ್ ಸಾಮಾನಿನ ಬೀದಿ ಎಸ್.ಪಿ. ರೋಡಿಗೆ. ಈ ವಿಮರ್ಶೆ ಅಲ್ಲಿನ ಯಾವುದೋ ಒಂದು ಅಂಗಡಿಯದ್ದಲ್ಲ. ಇಡೀ ರಸ್ತೆ, ಅದಕ್ಕೆ ಅಂಟಿಕೊಂಡ ಎಸ್.ಜೆ.ಪಿ. ರೋಡು, ಜೆ.ಸಿ. ರೋಡು ಎಲ್ಲ ಸೇರಿ ಸ್ಪೀಕರ್ ಕಟ್ಟುವವನಿಗೆ ಎಷ್ಟು ಉಪಯೋಗ ಎಂಬ ಲೆಕ್ಕ ಇದು.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಮೀಟರ್ ಹಿಡಿದು ಅಳೆಯಲು ಬರುವ ಮಾಲು, ಅಂದರೆ ತಂತಿ, ಕೆಪಾಸಿಟರ್, ರೆಸಿಸ್ಟರ್, ಪೈಪು, ಟರ್ಮಿನಲ್, ಇವಕ್ಕೆ ಇದಕ್ಕಿಂತ ಒಳ್ಳೆಯ ಜಾಗ ರಾಜ್ಯದಲ್ಲಿ ಇನ್ನೊಂದಿಲ್ಲ. ಡೇಟಾಶೀಟ್ ನೋಡಿ ಆರಿಸಬೇಕಾದ ಮಾಲಿಗೆ, ಅಂದರೆ ಕೆಳಸ್ಥಾಯಿಯ ಸದ್ದು ಕೊಡುವ ವೂಫರ್ ಮತ್ತು ಮೇಲ್ಸ್ಥಾಯಿಯದ್ದು ಕೊಡುವ ಟ್ವೀಟರ್‌ಗೆ, ಇದು ಸರಿಯಾದ ಜಾಗವಲ್ಲ. ಆ ಎರಡಕ್ಕೂ ಸದ್ದನ್ನು ಹಂಚಿಕೊಡುವ ರೆಡಿಮೇಡ್ ಕ್ರಾಸ್‌ಓವರ್ ಬೋರ್ಡನ್ನಂತೂ ಮುಟ್ಟಲೇಬೇಡಿ.

ವೂಫರ್ ವಿಷಯ ಮೊದಲು. ಕೌಂಟರಿನ ಮುಂದೆ ನಿಂತರೆ ಕೇಳುವ ಪ್ರಶ್ನೆ ಒಂದೇ: "ಎಷ್ಟು ವ್ಯಾಟ್ ಬೇಕು ಸಾರ್?" ಅವರ ವ್ಯಾಪಾರಕ್ಕೆ ಅದು ಸರಿಯಾದ ಪ್ರಶ್ನೆಯೇ. ಡಿ.ಜೆ., ಪೆಂಡಾಲು, ದೇವಸ್ಥಾನದ ಮೈಕು, ಹಳೆ ಹೋಮ್ ಥಿಯೇಟರ್ ರಿಪೇರಿ, ಇವರೇ ಅಲ್ಲಿನ ಗಿರಾಕಿಗಳು. ನಿಮಗೆ ಬೇಕಾದ ಉತ್ತರ ಬೇರೆ: ಎಫ್‌ಎಸ್ (ಕೋನ್ ತಾನಾಗಿ ಕಂಪಿಸುವ ಆವರ್ತನ) ಎಷ್ಟು, ಕ್ಯೂಟಿಎಸ್ (ಆ ಕಂಪನ ಎಷ್ಟು ಬೇಗ ಅಡಗುತ್ತದೆ ಎಂಬ ಅಂಕಿ) ಎಷ್ಟು, ವಿಎಎಸ್ (ಕೋನಿನ ಹಿಡಿತದಷ್ಟೇ ಬಿಗಿಯಿರುವ ಗಾಳಿಯ ಗಾತ್ರ) ಎಷ್ಟು. ಥೀಲ್ ಮತ್ತು ಸ್ಮಾಲ್ ಎಂಬ ಇಬ್ಬರ ಹೆಸರಿನಲ್ಲಿ ಕರೆಯುವ ಈ ಅಳತೆಗಳಿಲ್ಲದೆ ಬಾಕ್ಸಿನ ಗಾತ್ರವನ್ನು ಲೆಕ್ಕ ಹಾಕಲು ಆಗುವುದಿಲ್ಲ. ಮ್ಯಾಗ್ನೆಟ್ ದೊಡ್ಡದಿದೆ, ಕೋನ್ ಮೇಲೆ ಚಿನ್ನದ ಬಣ್ಣದ ಅಕ್ಷರವಿದೆ ಎಂಬುದರಿಂದ ಲೀಟರು ತಿಳಿಯುವುದಿಲ್ಲ.

ಜೆ.ಸಿ. ರೋಡಿನ ಕಾರ್ ಸ್ಪೀಕರ್‌ಗಳೂ ಬೇಡ. ಸಾಮಾನ್ಯವಾಗಿ ಅವು 4 ಓಮ್‌ನವು, ಬಾಗಿಲಿನ ತಗಡಿನೊಳಗೆ ಬಾಕ್ಸೇ ಇಲ್ಲದಂತೆ ಕೆಲಸ ಮಾಡಲೆಂದು ಹೆಚ್ಚಿನ ಕ್ಯೂಟಿಎಸ್ ಇಟ್ಟು ಮಾಡಿದವು. ಗಾಳಿಯ ಕೊಳವೆ ಇರುವ ಚಿಕ್ಕ ಪೋರ್ಟ್ ಬಾಕ್ಸಿನಲ್ಲಿ ಕೂರಿಸಿದರೆ ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತವೆ.

ಆದ್ದರಿಂದ ಡ್ರೈವರ್‌ಗಳನ್ನು, ಅಂದರೆ ವೂಫರು–ಟ್ವೀಟರನ್ನು, ಆನ್‌ಲೈನಿನಲ್ಲಿ ತರಿಸಿ. ಡೆನ್ಮಾರ್ಕ್ ಮೂಲದ ಪೀರ್‌ಲೆಸ್, ಇಂಡೋನೇಷ್ಯಾದ ಎಸ್‌ಬಿ ಅಕೌಸ್ಟಿಕ್ಸ್, ಅಮೆರಿಕದ ಡೇಟನ್ ಆಡಿಯೊ, ಈ ಮೂರೂ ಬ್ರ್ಯಾಂಡುಗಳು ತಮ್ಮ ಡ್ರೈವರ್‌ಗಳ ಅಳತೆಯನ್ನೂ ಗ್ರಾಫನ್ನೂ ಬಹಿರಂಗವಾಗಿ ಕೊಡುತ್ತವೆ. ಆಮದು ಸುಂಕ ಸೇರಿ ಬೆಲೆ ಚುರುಕ್ ಎನ್ನಿಸುತ್ತದೆ, ನಿಜ. ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲು ಇಲ್ಲೇ ಹೋಗಲಿ, ಉಳಿದದ್ದನ್ನು ಎಸ್.ಪಿ. ರೋಡಿನಲ್ಲಿ ಉಳಿಸಬಹುದು.

ಅಲ್ಲೇ ಕೊಳ್ಳುವ ಹಟವಿದ್ದರೆ ಮೂರು ಪರೀಕ್ಷೆಯಾದರೂ ಮಾಡಿ. ಮಲ್ಟಿಮೀಟರಿನಲ್ಲಿ 8 ಓಮ್ ಸ್ಪೀಕರು ಸುಮಾರು 5.5ರಿಂದ 6.5 ಓಮ್ ತೋರಿಸಬೇಕು, ಜೋಡಿಯ ಎರಡೂ ಹತ್ತಿರ ಹತ್ತಿರ ಇರಬೇಕು. ಕೋನನ್ನು ಎರಡೂ ಹೆಬ್ಬೆರಳಿನಿಂದ ಸಮವಾಗಿ, ಮೆಲ್ಲಗೆ ಒತ್ತಿ. ಒಳಗೆ ಕಾಯಿಲ್ ಉಜ್ಜುವ ಸದ್ದು ಬಂದರೆ ಅಲ್ಲೇ ವಾಪಸ್ ಇಡಿ. 1.5 ವೋಲ್ಟಿನ ಸೆಲ್ಲನ್ನು ಕ್ಷಣ ಮುಟ್ಟಿಸಿ; ಪ್ಲಸ್‌ಗೆ ಪ್ಲಸ್ ಕೊಟ್ಟಾಗ ಎರಡೂ ಕೋನ್ ಮುಂದಕ್ಕೇ ಬರಬೇಕು. ಉಳಿದ ಅಳತೆಗಳನ್ನು ಮನೆಗೆ ತಂದು ಆರ್‌ಇಡಬ್ಲ್ಯೂ ಎಂಬ ಉಚಿತ ತಂತ್ರಾಂಶ ಮತ್ತು 100 ಓಮ್ ರೆಸಿಸ್ಟರಿನ ಜೋಡಣೆಯಲ್ಲಿ ಪಡೆಯಬಹುದು. ಕೋನ್ ಮೇಲೆ ತೂಕ ಇಟ್ಟು ಮತ್ತೊಮ್ಮೆ ಅಳೆದರೆ ಚಲಿಸುವ ಭಾಗದ ತೂಕ ಸಿಗುತ್ತದೆ: ತೂಕವಿಲ್ಲದಾಗ 60 ಹರ್ಟ್ಸ್ ಇದ್ದ ಎಫ್‌ಎಸ್ 5 ಗ್ರಾಂ ಇಟ್ಟಾಗ 48ಕ್ಕೆ ಇಳಿದರೆ, 60ನ್ನು 48ರಿಂದ ಭಾಗಿಸಿ ಬಂದದ್ದರ ವರ್ಗದಲ್ಲಿ ಒಂದು ಕಳೆದು, ಅದರಿಂದ 5ನ್ನು ಭಾಗಿಸಿ. ಉತ್ತರ 8.9 ಗ್ರಾಂ. ತೂಕಕ್ಕೆ ಸ್ಟೀಲಿನ ಒಂದು ರೂಪಾಯಿ, ಎರಡು ರೂಪಾಯಿ ನಾಣ್ಯ ಇಡಬೇಡಿ, ಮ್ಯಾಗ್ನೆಟ್ ಎಳೆಯುತ್ತದೆ. ಮಕ್ಕಳ ಆಟದ ಕ್ಲೇ ಉಂಡೆಯನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಅಂಟಿಸಿ.

ಇನ್ನು ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. 5 ಇಂಚಿನ ಪೇಪರ್ ಕೋನ್ ವೂಫರು, 8 ಓಮ್, ಎಫ್‌ಎಸ್ 45 ಹರ್ಟ್ಸ್, ಕ್ಯೂಟಿಎಸ್ 0.36, ವಿಎಎಸ್ 12 ಲೀಟರ್, ಸೆನ್ಸಿಟಿವಿಟಿ (ಒಂದೇ ಪ್ರಮಾಣದ ವಿದ್ಯುತ್ತಿಗೆ ಎಷ್ಟು ಸದ್ದು ಎಂಬುದು) 87 ಡಿಬಿ, ಅಂದರೆ ಡೆಸಿಬೆಲ್. ಜೊತೆಗೆ 91 ಡಿಬಿಯ, 6 ಓಮ್‌ನ, 25 ಮಿ.ಮೀ. ಡೋಮ್ ಟ್ವೀಟರು. ಪೋರ್ಟ್ ಬಾಕ್ಸಿನ ಮಾಮೂಲಿ ಸೂತ್ರಕ್ಕೆ ಹಾಕಿದರೆ 9.6 ಲೀಟರ್, ಟ್ಯೂನಿಂಗ್ (ಪೋರ್ಟಿನ ಗಾಳಿ ಅನುರಣಿಸುವ ಆವರ್ತನ) 47 ಹರ್ಟ್ಸ್, ಸದ್ದು 3 ಡಿಬಿ ಇಳಿಯುವ ಜಾಗ 49 ಹರ್ಟ್ಸ್ ಹತ್ತಿರ ಬರುತ್ತದೆ. ಇಷ್ಟು ಪುಟ್ಟ ಪೆಟ್ಟಿಗೆಗೆ ಇದು ಚೆನ್ನಾಗಿಯೇ ಆಯಿತು. ವೂಫರಿನ ಹಿಂಭಾಗ, ಪೋರ್ಟು, ಕ್ರಾಸ್‌ಓವರು, ಒಂದು ಅಡ್ಡಪಟ್ಟಿ, ಇವಕ್ಕೆ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ಸೇರಿಸಿ, ಒಳಗಿನ ಅಳತೆ 160 ಅಗಲ, 210 ಆಳ, 320 ಎತ್ತರ ಎಂದಿಡಿ, ಎಲ್ಲ ಮಿಲಿಮೀಟರಿನಲ್ಲಿ. 10.75 ಲೀಟರ್ ಆಯಿತು.

ಮರ ಎಸ್.ಪಿ. ರೋಡಿನದಲ್ಲ. ಅದಕ್ಕೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್, ಅಥವಾ ನಿಮ್ಮ ಬಡಾವಣೆಯ ಪ್ಲೈವುಡ್ ಅಂಗಡಿ. ಒಂದು ಜೋಡಿಗೆ 18 ಮಿ.ಮೀ. ಹಾಳೆಯಲ್ಲಿ ಬೇಕಾದದ್ದು 12 ತುಂಡು: 196×356 ನಾಲ್ಕು (ಮುಂದೆ, ಹಿಂದೆ), 196×210 ನಾಲ್ಕು (ಮೇಲೆ, ಕೆಳಗೆ), 320×210 ನಾಲ್ಕು (ಪಕ್ಕದ್ದು). ಒಟ್ಟು ಸುಮಾರು 0.71 ಚದರ ಮೀಟರ್. ಎಂಟಡಿ–ನಾಲ್ಕಡಿ ಹಾಳೆಯ ಕಾಲು ಭಾಗವೇ 0.74, ಆದರೆ ಬ್ಲೇಡು ತಿನ್ನುವ ಮರ, ಜೋಡಣೆಯ ಹೊಂದಿಕೆ ಎಲ್ಲ ನೋಡಿದರೆ ಕಾಲು ಸಾಲದು. ಅರ್ಧ ಹಾಳೆ ತೆಗೆದುಕೊಳ್ಳಿ, ಮುಂಭಾಗದ ತುಂಡು ಒಂದೆರಡು ಹೆಚ್ಚೇ ಕೊಯ್ಯಿಸಿ. ಹಾಳಾಗುವುದು ಯಾವಾಗಲೂ ಅದೇ.

ಕೊಯ್ಯಿಸುವ ಮುನ್ನ ದಪ್ಪ ಅಳೆಯಿರಿ. 18 ಎಂದು ಮಾರುವ ಪ್ಲೈ ಕ್ಯಾಲಿಪರಿನಲ್ಲಿ 17ಕ್ಕೂ ಕಡಿಮೆ ಬರುವುದು ಹೊಸದೇನಲ್ಲ. ಮೇಲಿನ ಅಳತೆಯನ್ನು ಅದಕ್ಕೇ ಹೀಗೆ ಇಟ್ಟದ್ದು: ದಪ್ಪ ಒಂದು ಮಿ.ಮೀ. ಕಡಿಮೆಯಾದರೂ ಒಳಗಿನ ಗಾತ್ರ ಕೆಡುವುದಿಲ್ಲ, ಮುಂಭಾಗ ಎತ್ತರದಲ್ಲಿ 2 ಮಿ.ಮೀ. ಹೆಚ್ಚಾಗುತ್ತದೆ, ಟ್ರಿಮ್ಮರಿನಲ್ಲಿ ಸಮ ಮಾಡಿದರಾಯಿತು. ಬಡಗಿಯ ಕೈಗರಗಸ ಬೇಡ. ಪ್ಯಾನೆಲ್ ಸಾ ಇರುವ ಅಂಗಡಿಯಲ್ಲಿ ಒಂದೇ ಸೆಟ್ಟಿಂಗಿನಲ್ಲಿ ನಾಲ್ಕೂ ತುಂಡು ಕೊಯ್ದರೆ ಅವು ಒಂದೇ ಅಳತೆಗೆ ಬರುತ್ತವೆ. ಅಳತೆ ಕರಾರುವಾಕ್ಕಾಗಿ ಸರಿ ಇದೆಯೋ ಇಲ್ಲವೋ ಎಂಬುದಕ್ಕಿಂತ ನಾಲ್ಕೂ ಒಂದೇ ಇವೆಯೇ ಎಂಬುದು ಮುಖ್ಯ.

ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಬೇಕೋ ಪ್ಲೈ ಬೇಕೋ? ಕೊಯ್ಯಲು, ತೂತು ಹೊಡೆಯಲು, ಬಣ್ಣ ಹಚ್ಚಲು ಎಂಡಿಎಫ್ ಸಲೀಸು. ಆದರೆ ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಅದರ ಕೊಯ್ದ ಅಂಚು ತೇವ ಕುಡಿದು ಊದುತ್ತದೆ. ಕರಾವಳಿಯವರು ನೀರು ತಡೆಯುವ, ಐಎಸ್ 710 ಮುದ್ರೆಯ ಪ್ಲೈ ತರುವುದೇ ಜಾಣತನ. ಬಯಲುಸೀಮೆಯಲ್ಲಿ ಎಂಡಿಎಫ್ ಸಾಕು, ಒಳಗೂ ಹೊರಗೂ ಸೀಲರ್ ಹೊಡೆದರೆ. ಎಂಡಿಎಫ್‌ನ ಅಂಚಿಗೆ ಸ್ಕ್ರೂ ಹಾಕಿದರೆ ಸೀಳುತ್ತದೆ, ವೂಫರಿಗೆ ಹಾಕಿದ ಸ್ಕ್ರೂ ನಾಲ್ಕು ಸಲ ಬಿಚ್ಚಿದರೆ ತೂತು ಸಡಿಲ. ಡಿಸೈನ್ ಮಾಡುವಾಗ ವೂಫರನ್ನು ಹತ್ತು ಸಲವಾದರೂ ಬಿಚ್ಚುತ್ತೀರಿ, ಹಾಗಾಗಿ ಹಿಂದಿನಿಂದ ಟಿ-ನಟ್ (ಮರಕ್ಕೆ ಕಚ್ಚಿ ಕೂರುವ ಹಲ್ಲಿನ ನಟ್) ಬಡಿದು 4 ಮಿ.ಮೀ. ಬೋಲ್ಟು ಹಾಕಿ. ಟಿ-ನಟ್ ಎಸ್.ಜೆ.ಪಿ. ರೋಡಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ.

ಪೋರ್ಟಿಗೂ ಎಸ್.ಜೆ.ಪಿ. ರೋಡೇ. ಪಿವಿಸಿ ಪೈಪಿನ ಮೇಲೆ 40 ಎಂದು ಬರೆದಿದ್ದರೆ ಅದು ಹೊರಗಿನ ವ್ಯಾಸ. ಒಳಗಿನದು ಪೈಪಿನ ಪ್ರೆಶರ್ ದರ್ಜೆಯ ಮೇಲೆ ಬದಲಾಗುತ್ತದೆ. ಎಡವುವುದು ಇಲ್ಲೇ. ಒಳವ್ಯಾಸ 36 ಇದ್ದರೆ 47 ಹರ್ಟ್ಸ್‌ಗೆ ಬೇಕಾದ ಉದ್ದ 11.8 ಸೆಂ.ಮೀ. ದಪ್ಪ ಗೋಡೆಯ ಪೈಪಿನಲ್ಲಿ ಒಳವ್ಯಾಸ 34 ಆದರೆ 10.3 ಸೆಂ.ಮೀ. ಸಾಕು. ಗೊತ್ತಿಲ್ಲದೆ ಅದನ್ನೂ 12ಕ್ಕೇ ಕತ್ತರಿಸಿದರೆ ಟ್ಯೂನಿಂಗ್ 44ಕ್ಕೆ ಜಾರುತ್ತದೆ. 50ರ ಪೈಪು ಹಾಕಿದರೆ ಗಾಳಿಯ ಫುಸ್‌ಫುಸ್ ಕಡಿಮೆ, ಆದರೆ ಒಳವ್ಯಾಸ 46ಕ್ಕೆ ಉದ್ದ 20 ಸೆಂ.ಮೀ. ಬೇಕು, 21 ಆಳದ ಬಾಕ್ಸಿನಲ್ಲಿ ಅದು ಗೋಡೆಗೆ ಮೂಗು ತಾಗಿಸಿ ನಿಲ್ಲುತ್ತದೆ. ಒಂದು ಎಲ್ಬೋ ಹಾಕಿ ಮೇಲಕ್ಕೆ ತಿರುಗಿಸಬಹುದು. ಸಣ್ಣ ಕೋಣೆಗೆ, ಹದವಾದ ಸದ್ದಿಗೆ 40 ಸಾಕು.

ಪೈಪನ್ನು ಲೆಕ್ಕಕ್ಕಿಂತ ಒಂದೂವರೆ ಸೆಂ.ಮೀ. ಹೆಚ್ಚು ಉದ್ದವೇ ಇಟ್ಟು ಶುರುಮಾಡಿ. ಫೋನಿನ ಟೋನ್ ಜನರೇಟರಿನಿಂದ 40ರಿಂದ 55 ಹರ್ಟ್ಸ್‌ವರೆಗೆ ನಿಧಾನಕ್ಕೆ ಏರಿಸುತ್ತಾ ಕೋನ್ ನೋಡಿ. ಎಲ್ಲಿ ಕೋನ್ ಹೆಚ್ಚುಕಡಿಮೆ ನಿಂತೇಹೋಗಿ ಪೋರ್ಟಿನಿಂದ ಮಾತ್ರ ಗಾಳಿ ಬರುತ್ತದೋ ಅದೇ ನಿಮ್ಮ ಟ್ಯೂನಿಂಗ್. ಅರ್ಧ ಸೆಂ.ಮೀ. ಕತ್ತರಿಸಿದರೆ ಸುಮಾರು ಮುಕ್ಕಾಲು ಹರ್ಟ್ಸ್ ಏರುತ್ತದೆ. ಪಿವಿಸಿ ಸಾಲ್ವೆಂಟ್ ಅಂಟು ಮರಕ್ಕೆ ಹಿಡಿಯುವುದಿಲ್ಲ. ಅಳತೆ ಖಚಿತವಾದ ಮೇಲೆ ಎಪಾಕ್ಸಿ ಹಚ್ಚಿ.

ಈಗ ಎಸ್.ಪಿ. ರೋಡಿನ ಅಸಲಿ ಬಂಡವಾಳಕ್ಕೆ ಬರೋಣ: ಕ್ರಾಸ್‌ಓವರ್ ಸಾಮಾನು.

ರೆಡಿಮೇಡ್ ಬೋರ್ಡು ಯಾಕೆ ಬೇಡ ಎಂದು ಮೊದಲು. "ಟೂ-ವೇ, 3 ಕಿಲೋಹರ್ಟ್ಸ್, 8 ಓಮ್" ಎಂಬ ಚೀಟಿ ಅಂಟಿಸಿದ ಬೋರ್ಡು 8 ಓಮ್‌ನ ರೆಸಿಸ್ಟರಿಗೆ ಲೆಕ್ಕ ಹಾಕಿದ್ದು. ವೂಫರು ರೆಸಿಸ್ಟರಲ್ಲ, ಆವರ್ತನ ಏರಿದಂತೆ ಅದರ ಓಮ್ ಏರುತ್ತದೆ, ಫಿಲ್ಟರ್ ದಾರಿ ತಪ್ಪುತ್ತದೆ. ಟ್ವೀಟರಿನ ಸದ್ದು ತಗ್ಗಿಸುವ ರೆಸಿಸ್ಟರು ಬಹುತೇಕ ಬೋರ್ಡುಗಳಲ್ಲಿ ಇರುವುದಿಲ್ಲ. ಇನ್ನೂ ದೊಡ್ಡ ಕೊರತೆ ಬಾಕ್ಸಿನ ಅಗಲಕ್ಕೆ ಸಂಬಂಧಿಸಿದ್ದು. 196 ಮಿ.ಮೀ. ಅಗಲದ ಮುಖ ಸುಮಾರು 590 ಹರ್ಟ್ಸ್‌ನಿಂದ ಕೆಳಗಿನ ಸದ್ದನ್ನು ಮುಂದಕ್ಕೆ ತಳ್ಳುವುದಿಲ್ಲ, ಅದು ಬಾಕ್ಸನ್ನು ಬಳಸಿ ಹಿಂದಕ್ಕೂ ಹೋಗುತ್ತದೆ. ಪೂರ್ತಿ ಬಯಲಿನಲ್ಲಿ 6 ಡಿಬಿ ನಷ್ಟ, ಕೋಣೆಯಲ್ಲಿ ಮೂರು–ನಾಲ್ಕು. ಕ್ರಾಸ್‌ಓವರಿನಲ್ಲೇ ಇದನ್ನು ಸರಿದೂಗಿಸದಿದ್ದರೆ ಗಂಡಸಿನ ಕಂಠ ಟೆಲಿಫೋನಿನಲ್ಲಿ ಕೇಳಿದ ಹಾಗಿರುತ್ತದೆ. "ಹೋಮ್‌ಮೇಡ್ ಸ್ಪೀಕರು ಕೀಚಲು" ಎಂಬ ಅಪಖ್ಯಾತಿಗೆ ಅರ್ಧ ಕಾರಣ ಈ ಬೋರ್ಡುಗಳೇ.

ಪುಸ್ತಕದ ಲೆಕ್ಕದಲ್ಲಿ 8 ಓಮ್‌ಗೆ, 2500 ಹರ್ಟ್ಸ್‌ಗೆ 1 ಮಿಲಿಹೆನ್ರಿ ಕಾಯಿಲು, 4 ಮೈಕ್ರೋಫ್ಯಾರಡ್ ಕೆಪಾಸಿಟರು ಬರುತ್ತದೆ. ಮೇಲೆ ಹೇಳಿದ ನಷ್ಟ ತುಂಬಬೇಕಾದ್ದರಿಂದ ವೂಫರಿನ ಕಾಯಿಲನ್ನು 1.5ಕ್ಕೆ ಏರಿಸಿ, ಅಡ್ಡಕ್ಕೆ 10 ಮೈಕ್ರೋಫ್ಯಾರಡ್. ಟ್ವೀಟರಿಗೆ 5 ಮೈಕ್ರೋಫ್ಯಾರಡ್ ಮತ್ತು 0.35 ಮಿಲಿಹೆನ್ರಿ ಎಂದು ಶುರುಮಾಡಿ. ಇದು ಆರಂಭ ಮಾತ್ರ. ಕೊನೆಯ ಅಂಕಿಯನ್ನು ನಿಮ್ಮದೇ ಬಾಕ್ಸಿನಲ್ಲಿ ಕೂರಿಸಿ ಅಳೆದ ಗ್ರಾಫು ಇಟ್ಟುಕೊಂಡು ವಿಟುಯಿಕ್ಸ್‌ಕ್ಯಾಡ್‌ನಂಥ ಉಚಿತ ತಂತ್ರಾಂಶ ಹೇಳಬೇಕು.

ಕಾಯಿಲು ಸಿದ್ಧ ಸಿಗುವುದು ಕಷ್ಟ, ಸಿಕ್ಕರೂ ಬೆರಳುಗಾತ್ರದ ಕಬ್ಬಿಣದ ಕೋರಿನ ಮೇಲೆ ಕೂದಲೆಳೆ ತಂತಿ. ಸುತ್ತಿಕೊಳ್ಳುವುದೇ ಲೇಸು. ಮೋಟರ್ ವೈಂಡಿಂಗ್‌ಗೆ ಬಳಸುವ ಎನಾಮಲ್ ತಂತಿ ಇಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. 19 ಗೇಜು ಕೇಳಿ, ಹೆಚ್ಚುಕಡಿಮೆ 1 ಮಿ.ಮೀ. ದಪ್ಪ. 30 ಮಿ.ಮೀ. ವ್ಯಾಸದ ದಿಂಡು, ಎರಡು ಬದಿ ತಟ್ಟೆಗಳ ನಡುವೆ 20 ಮಿ.ಮೀ. ಅಂತರ. ಒಂದು ಸಾಲಿಗೆ ಸುಮಾರು 18 ಸುತ್ತು, 12 ಸಾಲು, 216 ಸುತ್ತಿಗೆ 1.5 ಮಿಲಿಹೆನ್ರಿ ದಾಟುತ್ತದೆ. ತಂತಿ ಸುಮಾರು 29 ಮೀಟರ್, 200 ಗ್ರಾಂ ಚಿಲ್ಲರೆ, ರೆಸಿಸ್ಟೆನ್ಸ್ 0.64 ಓಮ್. ಟ್ವೀಟರಿನ ಕಾಯಿಲಿಗೆ ಅದೇ ದಿಂಡಿನ ಮೇಲೆ 110 ಸುತ್ತು. ಎರಡು ಸ್ಪೀಕರಿನ ನಾಲ್ಕೂ ಕಾಯಿಲಿಗೆ 600 ಗ್ರಾಂ ಆಗುತ್ತದೆ, ಮುಕ್ಕಾಲು ಕೆಜಿ ಕೊಂಡರೆ ನೆಮ್ಮದಿ. ಕೈಯಲ್ಲಿ ಸುತ್ತುವಾಗ ಸಾಲು ಏರುಪೇರಾಗುವುದು ಸಹಜ, ಆದ್ದರಿಂದ ಐದು ಸುತ್ತು ಹೆಚ್ಚೇ ಸುತ್ತಿ, ಕಾಯಿಲಿನ ಮಿಲಿಹೆನ್ರಿ ತೋರಿಸುವ ಎಲ್‌ಸಿಆರ್ ಮೀಟರ್ ಸಿಕ್ಕಿಸಿ ಒಂದೊಂದೇ ಸುತ್ತು ಬಿಚ್ಚುತ್ತಾ ಅಂಕಿಗೆ ತನ್ನಿ.

ಕಾಯಿಲಿನ ಆ 0.64 ಓಮ್ ಸುಮ್ಮನಿರುವುದಿಲ್ಲ. ವೂಫರಿನ ಕ್ಯೂಟಿಎಸ್ಸನ್ನು 0.36ರಿಂದ 0.39ರ ಆಸುಪಾಸಿಗೆ ಏರಿಸುತ್ತದೆ. ಬಾಕ್ಸಿನ ಸಿಮ್ಯುಲೇಶನ್‌ನಲ್ಲಿ ಇದನ್ನು ಮರೆತರೆ ಬೇಸು ಲೆಕ್ಕಕ್ಕಿಂತ ಒಂದು ಕೂದಲು ದಪ್ಪ.

ತಂತಿಯಲ್ಲಿ ಮೋಸ ಇದೆ. ತಾಮ್ರದ ಲೇಪನ ಕೊಟ್ಟ ಅಲ್ಯುಮಿನಿಯಂ ತಂತಿ ಕಣ್ಣಿಗೆ ತಾಮ್ರವೇ. ತುದಿಯನ್ನು ಬ್ಲೇಡಿನಿಂದ ಓರೆಯಾಗಿ ಕೆತ್ತಿ ಒಳಗಿನ ಬಣ್ಣ ನೋಡಿ: ಕೆಂಪಗಿದ್ದರೆ ತಾಮ್ರ, ಬೆಳ್ಳಗಿದ್ದರೆ ಅಲ್ಯುಮಿನಿಯಂ. ಕೈಯಲ್ಲಿ ಎತ್ತಿದಾಗಲೂ ತಿಳಿಯುತ್ತದೆ, ಅಲ್ಯುಮಿನಿಯಂ ತಾಮ್ರದ ಮೂರನೇ ಒಂದು ತೂಕ. "ಸ್ಪೀಕರ್ ವೈರ್" ಎಂದು ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಹೊಳೆಯುವುದಕ್ಕೂ ಇದೇ ಪರೀಕ್ಷೆ. ಬಾಕ್ಸಿನ ಒಳಗೆ ಮನೆ ವೈರಿಂಗಿನ 1.5 ಚದರ ಮಿ.ಮೀ. ತಾಮ್ರದ ವೈರು ಧಾರಾಳ ಸಾಕು, ಅದಕ್ಕಿಂತ ಅಗ್ಗದ ನಂಬಿಕೆಯ ತಾಮ್ರ ಇನ್ನೊಂದಿಲ್ಲ.

ಬೆಸುಗೆ ಹಾಕುವ ಮೊದಲು ತುದಿಯ ಎನಾಮಲ್ ಪೂರ್ತಿ ಕೆರೆಯಿರಿ, ಸುತ್ತಲೂ. ಅರೆಬರೆ ಕೆರೆದು ಹಾಕಿದ ಬೆಸುಗೆ ಮೇಜಿನ ಮೇಲೆ ಚೆನ್ನಾಗಿ ಕೆಲಸ ಮಾಡಿ, ಬಾಕ್ಸ್ ಮುಚ್ಚಿದ ಮೇಲೆ ಕರಕರ ಎನ್ನುತ್ತದೆ. ಎರಡು ಕಾಯಿಲುಗಳನ್ನು ಒಂದಕ್ಕೊಂದು ಲಂಬವಾಗಿ, 10 ಸೆಂ.ಮೀ. ದೂರ ಕೂರಿಸಿ. ನಡುವಿನ ತೂತಿಗೆ ಕಬ್ಬಿಣದ ಬೋಲ್ಟು ತೂರಿಸಿ ಬಿಗಿಯಬೇಡಿ, ಅಂಕಿ ಏರಿಬಿಡುತ್ತದೆ. ಪ್ಲಾಸ್ಟಿಕ್ ಕೇಬಲ್ ಟೈ ಸಾಕು.

ಕೆಪಾಸಿಟರಿಗೆ ಎಸ್.ಪಿ. ರೋಡಿನ ಉತ್ತಮ ಮಾಲು ಆಡಿಯೊ ಅಂಗಡಿಯಲ್ಲಿಲ್ಲ, ಎಲೆಕ್ಟ್ರಿಕಲ್ ಅಂಗಡಿಯಲ್ಲಿದೆ: ಸೀಲಿಂಗ್ ಫ್ಯಾನಿನ ಕಂಡೆನ್ಸರ್! ಮೈಮೇಲೆ 2.5, 3.15, 4 ಮೈಕ್ರೋಫ್ಯಾರಡ್, 440 ವೋಲ್ಟ್ ಎಸಿ, ±5 ಶೇಕಡಾ ಎಂದು ಬರೆದಿರುತ್ತದೆ. ಒಳಗಿರುವುದು ಮೆಟಲೈಸ್ಡ್ ಪಾಲಿಪ್ರೊಪಿಲೀನ್ ಫಿಲ್ಮು. ದುಬಾರಿ ಆಡಿಯೊ ಕೆಪಾಸಿಟರಿನಲ್ಲಿ ಇರುವುದೂ ಅದೇ ಜಾತಿ. 2.5ರ ಎರಡನ್ನು ಸಮಾಂತರವಾಗಿ ಜೋಡಿಸಿದರೆ ನಮ್ಮ 5 ಬಂತು. 2.5 ಮತ್ತು 3.15 ಸೇರಿ 5.65. 4 ಮತ್ತು 2.5 ಸೇರಿ 6.5. ಟ್ವೀಟರಿನ ಅಂಕಿಯನ್ನು ಹೀಗೆ ಮೇಲೆ ಕೆಳಗೆ ಆಡಿಸಬಹುದು. ವೂಫರಿನ 10ಕ್ಕೆ ಪಂಪಿನ ರನ್ ಕೆಪಾಸಿಟರ್ ತನ್ನಿ. "ಸ್ಟಾರ್ಟ್" ಕೆಪಾಸಿಟರ್ ಕೊಟ್ಟರೆ ಬೇಡ ಎನ್ನಿ. ಅದು ಎಲೆಕ್ಟ್ರೊಲೈಟಿಕ್, ಕ್ಷಣಕಾಲದ ಕೆಲಸಕ್ಕೆ ಮಾಡಿದ್ದು. ಕಳಚಿದ ಹಳೆ ಫ್ಯಾನಿನ ಕಂಡೆನ್ಸರೂ ಬೇಡ. ಫ್ಯಾನ್ ನಿಧಾನವಾಗಿದ್ದಕ್ಕೇ ಅದನ್ನು ಕಳಚಿರುತ್ತಾರೆ, ಅಂದರೆ ಅದರ ಅಂಕಿ ಬಿದ್ದಿದೆ.

ಗಾತ್ರವೊಂದೇ ತೊಂದರೆ. ಡಬ್ಬಿಗಳು ಬಾಕ್ಸಿನೊಳಗೆ ಜಾಗ ತಿನ್ನುತ್ತವೆ. ಆ ಒಂದು ಲೀಟರ್ ಹೆಚ್ಚುವರಿಯಲ್ಲಿ ಇದನ್ನೂ ಲೆಕ್ಕಕ್ಕೆ ಹಿಡಿದಿದೆ.

ರೆಸಿಸ್ಟರ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. 10 ವ್ಯಾಟಿನ ಬಿಳಿ ಸಿಮೆಂಟ್ ರೆಸಿಸ್ಟರ್ ಎಲ್ಲ ಅಂಗಡಿಯಲ್ಲೂ ಇದೆ. ನಮ್ಮ ಟ್ವೀಟರು ವೂಫರಿಗಿಂತ 4 ಡಿಬಿ ಜೋರು, ಬಾಕ್ಸಿನ ಅಗಲದ ನಷ್ಟ ಇನ್ನೂ ಮೂರು, ಹಾಗಾಗಿ ಅದನ್ನು 7 ಡಿಬಿ ಇಳಿಸಬೇಕು: ಸರಣಿಯಲ್ಲಿ 3.3 ಓಮ್, ಟ್ವೀಟರಿಗೆ ಅಡ್ಡಲಾಗಿ 4.7 ಓಮ್. ಫಿಲ್ಟರಿಗೆ ಆಗಲೂ 6 ಓಮ್ ಇದ್ದಂತೆಯೇ ಕಾಣುತ್ತದೆ. 2.7, 3.9, 5.6 ಓಮ್‌ನ ಒಂದೊಂದು ಜೋಡಿಯೂ ಹೆಚ್ಚಿಗೆ ತನ್ನಿ. ಚಿಲ್ಲರೆ ಕಾಸು, ಆಮೇಲೆ ಮತ್ತೆ ಮೆಜೆಸ್ಟಿಕ್ ದಾಟಿ ಬರುವುದು ತಪ್ಪುತ್ತದೆ.

ಒಳಗೆ ತುಂಬಲು ಪಾಲಿಯೆಸ್ಟರ್ ಫೈಬರ್ ಹಾಸಿಗೆ–ದಿಂಬಿನ ಅಂಗಡಿಯಲ್ಲಿ ಸಿಗುತ್ತದೆ. ಗೋಡೆಗಳಿಗೆ ಒಂದಿಂಚು ದಪ್ಪ ಅಂಟಿಸಿ, ಪೋರ್ಟಿನ ಬಾಯಿ ಬಿಡುವಾಗಿರಲಿ. ಮೊಟ್ಟೆ ಟ್ರೇ ಅಂಟಿಸುವ ಸಲಹೆ ಇನ್ನೂ ಅಲ್ಲಲ್ಲಿ ಕೇಳುತ್ತದೆ. ಅದರಿಂದ ಸಿಗುವ ಲಾಭ ಜಿರಳೆಗೆ ಮಾತ್ರ.

ಮುಖದ ಹಲಗೆಯ ಕೆಲಸವನ್ನು ರೂಟರ್ ಇರುವ ಬಡಗಿಗೋ ಸಿಎನ್‌ಸಿ ಅಂಗಡಿಗೋ ಕೊಡಿ. ಟ್ವೀಟರಿನ ಫ್ಲ್ಯಾಂಜ್ ಹಲಗೆಯ ಮಟ್ಟಕ್ಕೆ ಹುದುಗಬೇಕು, ಮೇಲೆ ಕೂತರೆ ಅದರ ಅಂಚೇ ಸದ್ದನ್ನು ಚದುರಿಸುತ್ತದೆ. ಆಳವನ್ನು ಹೇಳುವಾಗ ಗ್ಯಾಸ್ಕೆಟ್‌ನ ದಪ್ಪ ಸೇರಿಸಿ ಹೇಳಿ. ವೂಫರಿನ ತೂತಿನ ಒಳ ಅಂಚನ್ನು 45 ಡಿಗ್ರಿಗೆ ಓರೆ ಮಾಡಿಸುವುದನ್ನು ಮರೆಯಬೇಡಿ, 18 ಮಿ.ಮೀ. ಹಲಗೆಯ ನೆಟ್ಟನೆ ತೂತು ಪುಟ್ಟ ವೂಫರಿನ ಬೆನ್ನಿಗೆ ಸುರಂಗವಾಗಿ ಉಸಿರು ಕಟ್ಟಿಸುತ್ತದೆ. ಈ ಓರೆ ಟಿ-ನಟ್ಟಿನ ಜಾಗವನ್ನು ತಿನ್ನದಂತೆ, ಬೋಲ್ಟುಗಳ ನಡುವಿನ ಭಾಗದಲ್ಲಿ ಮಾತ್ರ ಇರಲಿ.

ಅಂಟು ಒಣಗಿದ ಮೇಲೆ ಸೋರಿಕೆ ನೋಡಬೇಕು. ಪೋರ್ಟನ್ನು ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ ಕೋನ್ ಒತ್ತಿ ಬಿಡಿ. ಮೆಲ್ಲಗೆ ಮರಳಿದರೆ ಬಾಕ್ಸ್ ಬಿಗಿ ಇದೆ, ಟಪ್ ಎಂದು ಮರಳಿದರೆ ಎಲ್ಲೋ ಸಂದಿದೆ. ಎಲ್ಲಿ ಎಂದು ಹುಡುಕಲು 35 ಹರ್ಟ್ಸ್‌ನ ಟೋನ್ ಹಾಕಿ ಊದುಬತ್ತಿಯನ್ನು ಸಂದುಗಳ ಉದ್ದಕ್ಕೂ ಸರಿಸಿ. ಹೊಗೆ ನಡುಗಿದಲ್ಲಿ ತೂತು. ಹತ್ತರಲ್ಲಿ ಎಂಟು ಸಲ ಅದು ಟರ್ಮಿನಲ್ ಕಪ್ಪಿನ ಸುತ್ತ ಸಿಗುತ್ತದೆ.

ನಮ್ಮ ಮನೆಗಳಲ್ಲಿ ಸ್ಪೀಕರು ಕೊನೆಗೆ ಸೇರುವುದು ಶೋಕೇಸಿಗೋ ಗೋಡೆಗೆ ಒತ್ತಿದ ಟಿ.ವಿ. ಸ್ಟ್ಯಾಂಡಿಗೋ. ಹಾಗಿದ್ದರೆ ಪೋರ್ಟನ್ನು ಮುಂಭಾಗಕ್ಕೇ ಕೊಡಿ, ವೂಫರಿನ ಕಾಯಿಲನ್ನು 1 ಮಿಲಿಹೆನ್ರಿ ಹತ್ತಿರಕ್ಕೆ ಇಳಿಸಿ, ಟ್ವೀಟರ್ ಪ್ಯಾಡನ್ನು, ಅಂದರೆ ಅದರ ಸದ್ದು ತಗ್ಗಿಸುವ ರೆಸಿಸ್ಟರ್ ಜೋಡಿಯನ್ನು, 4 ಡಿಬಿಗೆ ತನ್ನಿ. ಗೋಡೆಯೇ ಕೆಳಗಿನ ಸದ್ದನ್ನು ತುಂಬಿಕೊಡುತ್ತದೆ. ಆಗಲೂ ಗುಂಯ್ ಎಂದರೆ ಪೋರ್ಟಿಗೆ ಕಾಲುಚೀಲ ತುರುಕಿ. ಬಾಕ್ಸ್ ಸೀಲ್ಡ್ ಆಗಿ 94 ಹರ್ಟ್ಸ್‌ನಿಂದಲೇ ಮೆಲ್ಲಗೆ ಇಳಿಯುತ್ತದೆ, ಗೋಡೆಯ ಸಹಾಯದಲ್ಲಿ ಅದು ಕಿವಿಗೆ ಹಿತ.

ಎಸ್.ಪಿ. ರೋಡಿನಲ್ಲಿ ಸಿಗದ ಇನ್ನೊಂದು ವಸ್ತು ಅಳತೆಯ ಮೈಕು. ಹಾಡುವ ಮೈಕು, ಕರೋಕೆ ಮೈಕು ಕೆಲಸಕ್ಕೆ ಬಾರದು. ಮಿನಿಡಿಎಸ್‌ಪಿಯ ಯುಮಿಕ್-1ನಂಥ, ತನ್ನದೇ ಕ್ಯಾಲಿಬ್ರೇಶನ್ ಫೈಲು ಇರುವ ಯುಎಸ್‌ಬಿ ಮೈಕು ಬೇಕು, ಗೆಳೆಯರು ಸೇರಿ ಒಂದು ಕೊಂಡರೂ ಸಾಕು. ಸ್ಪೀಕರನ್ನು ಕೋಣೆಯ ನಡುವೆ 1.3 ಮೀಟರ್ ಎತ್ತರಕ್ಕೆ ಏರಿಸಿ, ಮೈಕನ್ನು ಟ್ವೀಟರ್ ಮಟ್ಟದಲ್ಲಿ 1 ಮೀಟರ್ ದೂರ ಇಡಿ. ನೆಲದ ಪ್ರತಿಫಲನ ಬರಲು 5 ಮಿಲಿಸೆಕೆಂಡ್ ಹಿಡಿಯುತ್ತದೆ, ಅಷ್ಟರೊಳಗಿನ ಸದ್ದನ್ನಷ್ಟೇ ಲೆಕ್ಕಕ್ಕೆ ಹಿಡಿದರೆ 200 ಹರ್ಟ್ಸ್‌ನಿಂದ ಮೇಲೆ ಗ್ರಾಫನ್ನು ನಂಬಬಹುದು. ಅಳೆಯುವಾಗ ಫ್ಯಾನ್ ಆಫ್ ಮಾಡಿ.

ಹೋಗುವವರಿಗೆ ಒಂದೆರಡು ಮಾತು. ಹಸಿರು ಮಾರ್ಗದ ಮೆಟ್ರೊದಲ್ಲಿ ಚಿಕ್ಕಪೇಟೆಯಲ್ಲೋ ಕೆ.ಆರ್. ಮಾರುಕಟ್ಟೆಯಲ್ಲೋ ಇಳಿದು ನಡೆಯಿರಿ, ಗಾಡಿ ತಂದರೆ ನಿಲ್ಲಿಸಲು ಜಾಗ ಹುಡುಕುವುದೇ ಒಂದು ದಿನದ ಕೆಲಸ. ಭಾನುವಾರ ಹೆಚ್ಚಿನ ಅಂಗಡಿಗಳ ಬಾಗಿಲು ಹಾಕಿರುತ್ತದೆ. ಬೆಳಗ್ಗೆ ಅಂಗಡಿ ತೆರೆದ ಹೊಸದರಲ್ಲಿ ಕೌಂಟರಿನವರಿಗೆ ವ್ಯವಧಾನ ಇರುತ್ತದೆ. ಮಧ್ಯಾಹ್ನದ ಮೇಲೆ ಮೀಟರ್ ತೆಗೆದು ಒಂದೊಂದೇ ಅಳೆಯುತ್ತಾ ನಿಂತರೆ ಹಿಂದಿನವರು ಗೊಣಗುತ್ತಾರೆ. ಆದರೂ ಅಳೆದೇ ಕೊಳ್ಳಿ. ಮಾರಿದ ಮಾಲು ವಾಪಸ್ ಇಲ್ಲ ಎಂಬ ಫಲಕ ಬಹುಪಾಲು ಅಂಗಡಿಗಳಲ್ಲಿ ತೂಗುತ್ತಿರುತ್ತದೆ, ಅದನ್ನು ಅವರು ಪಾಲಿಸುತ್ತಾರೆ ಕೂಡ. ಪಟ್ಟಿಯನ್ನು ಬರೆದುಕೊಂಡು ಹೋಗಿ, ಬಾಯಿಮಾತಿನಲ್ಲಿ "ಟೂ ಪಾಯಿಂಟ್ ಫೈವ್" ಎಂದದ್ದು 25 ಆಗಿ ಪೊಟ್ಟಣ ಸೇರಬಹುದು.

ಎಲ್ಲ ಜೋಡಿಸಿ ಮುಗಿದ ಮೇಲೆ ಕಡೆಯ ಪರೀಕ್ಷೆ ಒಂದಿದೆ. ಸಿಮ್ಯುಲೇಶನ್ ಹೇಳಿದಂತೆ ಟ್ವೀಟರಿನ ಎರಡು ತಂತಿ ಕೊಟ್ಟು ಅಳೆಯಿರಿ, ಆಮೇಲೆ ಅವೆರಡನ್ನು ಅದಲುಬದಲು ಮಾಡಿ ಮತ್ತೆ ಅಳೆಯಿರಿ. ಎರಡನೆಯ ಗ್ರಾಫಿನಲ್ಲಿ ಕ್ರಾಸ್‌ಓವರ್ ಜಾಗದಲ್ಲಿ, ಅಂದರೆ 2500 ಹರ್ಟ್ಸ್ ಆಸುಪಾಸಿನಲ್ಲಿ, 15–20 ಡಿಬಿಯ ಆಳವಾದ ಹಳ್ಳ ಬೀಳಬೇಕು. ಹಳ್ಳ ಮೇಲುಮೇಲೆ ಇದ್ದರೆ ಅಥವಾ ಪಕ್ಕಕ್ಕೆ ಸರಿದಿದ್ದರೆ ವೂಫರು–ಟ್ವೀಟರು ಒಂದೇ ಹೆಜ್ಜೆಯಲ್ಲಿಲ್ಲ. ಮೊದಲು 5ರ ಬದಲು 4 ಹಾಕಿ ನೋಡಿ, ಆಮೇಲೆ 5.65. ಅದಕ್ಕೇ ಫ್ಯಾನ್ ಕಂಡೆನ್ಸರನ್ನು ಕೊಳ್ಳುವಾಗಲೇ ಮೂರೂ ಅಂಕಿಯದ್ದು ತಲಾ ನಾಲ್ಕು ತಂದಿಟ್ಟುಕೊಳ್ಳಬೇಕು. ಉಳಿದರೆ ಮನೆಯ ಫ್ಯಾನಿಗಾಯಿತು.